ನಲವತ್ತೊಂದನೆಯ ಪೆಟ್ಟಿಗೆ

ನನಗೆ ಕೊಟ್ಟಿರುವುದು ಎರಡು ಮೊಹರು:
‘ಸಂಬಂಧ ಇದೆ’, ‘ಸಂಬಂಧ ಇಲ್ಲ’.
ಮೊದಲನೆಯದರ ಹಿಡಿ ಇನ್ನೂ ಹೊಸದು.
ಎರಡನೆಯದು ಸವೆದು ಸವೆದು
ನನ್ನ ಹೆಬ್ಬೆರಳಿನ ಗುರುತು ಹಿಡಿಯುತ್ತದೆ.

ತ್ರಿಯೆಸ್ತೆಯ ಹಳೆಯ ಸುಂಕದ ಉಗ್ರಾಣ, ಮೂರನೆಯ ಮಹಡಿ.
ಹೊರಗೆ ಬೋರಾ ಗಾಳಿ. ಓಣಿಯ ತಿರುವಿನಲ್ಲಿ
ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿದ್ದಾರೆ,
ಮುದುಕಿಯರು ಹಿಡಿದು ನಡೆಯಲಿ ಎಂದು.
ಒಳಗೆ ಹಡಗುಕಟ್ಟೆಯ ಮೂವತ್ತು ವರ್ಷದ ಕಾಗದ,
ತನಿಖೆಗೆಂದು ಲಾರಿಯಲ್ಲಿ ಬಂದದ್ದು,
ಇನ್ನೂರ ಹದಿನಾರು ಪೆಟ್ಟಿಗೆ.

ಸಿಕ್ಕಿತೇ, ಎಂದು ಕೇಳುತ್ತಾರೆ ಎಲ್ಲರೂ.
ಅವರು ಕಾಯುತ್ತಿರುವುದು ಒಂದು ಪತ್ರಕ್ಕೆ:
ಮೇಲಿನವನು ಕೆಳಗಿನವನಿಗೆ ಬರೆದದ್ದು,
‘ನಮಗೆ ಗೊತ್ತು, ಆದರೂ ನಡೆಯಲಿ’ ಎಂದು
ತಾರೀಖು ಹಾಕಿ ರುಜು ಮಾಡಿದ್ದು.
ಅಂಥದ್ದನ್ನು ಯಾರೂ ಬರೆಯುವುದಿಲ್ಲ.
ಬರೆಯುವುದು ಇಂಥವನ್ನು:

ಪೊರಕೆ ಆರು ಡಜನ್ ಬೇಕು, ಗಟ್ಟಿ ಕಡ್ಡಿಯದು,
ಕಳೆದ ಸಲದ್ದು ವಾರಕ್ಕೇ ಉದುರಿತು.
ಕ್ಯಾಂಟೀನಿನ ಸೂಪಿಗೆ ಉಪ್ಪು ಜಾಸ್ತಿ.
ಈ ದೂರಿಗೆ ಹದಿನೇಳು ಸಹಿ, ಒಂದು ಕತ್ತರಿ ಗುರುತು.
ಲಿವಿಯೊ ಬೆನ್ಚಿಚ್‌ಗೆ ಅರ್ಧ ದಿನ ರಜೆ: ಹಲ್ಲುನೋವು.
ಮತ್ತೆ ಲಿವಿಯೊ ಬೆನ್ಚಿಚ್: ಹಲ್ಲುನೋವು.
ಜೂನ್, ಜುಲೈ, ಆಗಸ್ಟ್, ಬರೀ ಶುಕ್ರವಾರ ಮಧ್ಯಾಹ್ನ,
ಸಮುದ್ರ ಬೆಚ್ಚಗಿರುವಾಗ.
ಚಳಿಗಾಲ ಪೂರ್ತಿ ಅವನ ಬಾಯಿ ಗುಂಡುಕಲ್ಲು.
ನಕ್ಕೆ, ಒಬ್ಬಳೇ.
ಸಂಬಂಧ ಇಲ್ಲ.

ಆಮೇಲೆ ಹಾಲಿನ ಚೀಟಿ, ಗುಲಾಬಿ ಬಣ್ಣದವು, ಕಂತೆ ಕಂತೆ.
ದಿನಕ್ಕೆ ಅರ್ಧ ಲೀಟರು, ಕೊಳವೆಗಳಿಗೆ
ಕಲ್ನಾರು ಸುತ್ತುವವರಿಗೆ ಮಾತ್ರ;
ಧೂಳು ಗಂಟಲಲ್ಲಿ ನಿಲ್ಲದೆ ಇಳಿಯಲಿ ಎಂದು.
ಧೂಳಿನ ವಿಷಯ ಯಾರಿಗೂ ಗೊತ್ತೇ ಇರಲಿಲ್ಲವಂತೆ,
ಗೊತ್ತಿದ್ದದ್ದು ಹಾಲಿಗೆ ಮಾತ್ರ.
ಹೊಸ ಮೊಹರು ಒತ್ತಿದೆ. ಗ್ರೆಗೊರೆಟ್ಟಿ ಸಾಹೇಬರು
ಕನ್ನಡಕ ಹಣೆಗೇರಿಸಿ ತಲೆಯಾಡಿಸಿದರು:
ಅವರ ಕಡೆ ವಕೀಲರು ಇದನ್ನು
ಔದಾರ್ಯ ಅನ್ನುತ್ತಾರಮ್ಮ.

ನಲವತ್ತೊಂದನೆಯದು ಧೋಬಿಖಾನೆಯ ಲೆಕ್ಕ.
ಕಾರ್ಬನ್ ಪ್ರತಿ, ಅಂಗೈಯಗಲ:
‘ಖರ್ಚು ಮಿತಿಮೀರಿರುವ ಕಾರಣ ಬರುವ ಸೋಮವಾರದಿಂದ
ಕೆಲಸದ ಅಂಗಿಗಳನ್ನು ಮನೆಯಲ್ಲೇ ಒಗೆಯತಕ್ಕದ್ದು.
ತಿಂಗಳಿಗೆ ಒಂದು ಡಬ್ಬಿ ಸಾಬೂನು ಪುಡಿ ಉಚಿತ.’
ಹಿಂದೆಯೇ ಪುಡಿ ತೆಗೆದುಕೊಂಡವರ ಪಟ್ಟಿ.
ಗಂಡಸರ ಸಹಿಯಲ್ಲ. ಶನಿವಾರ ಗೇಟಿನ ಹತ್ತಿರ
ಸಾಲು ನಿಂತವರದು: ಆಲ್ಬಿನಾ, ನೆರಿನಾ, ದ್ರಾಗಿತ್ಸಾ,
ಓಂದಿನಾ ಸಾಂಚಿನ್. ಈಕೆ ಪಕ್ಕದಲ್ಲಿ
ಪೆನ್ಸಿಲಿನಲ್ಲಿ ಬರೆದಿದ್ದಾಳೆ:
ಡಬ್ಬಿ ಒಡೆದಿದೆ, ಬದಲಿಸಿ ಕೊಡಿ.
ಮುಂದಿನ ತಿಂಗಳು ಬೇರೆ ಕೈಬರಹ:
ಬದಲಿಸಿ ಕೊಡಲಾಗಿದೆ.

ಹಳೆಯ ಮೊಹರು ಒತ್ತಿಬಿಟ್ಟೆ. ಕೈ ತಾನಾಗಿಯೇ ಹೋಯಿತು.
ಕಾಫಿ ಯಂತ್ರಕ್ಕೆ ನಾಣ್ಯ ಹಾಕಿ ನಿಂತಾಗ
ಕಿಟಕಿಯಾಚೆ ಯಾರೋ ಚಾದರ ಕೊಡವಿದರು.
ಒಗೆಯುವ ಮೊದಲು ಅಂಗಿ ಕೊಡವುತ್ತಾರಲ್ಲವೇ?
ಜೇಬು ಮಗುಚಿ, ಕಾಲರು ತಟ್ಟಿ,
ಚಿಕ್ಕ ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿ,
ಹೊರಗೆ ಬೋರಾ ಇರುವ ದಿನ.

ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತಂತೆ.
ಇದು ಕಲ್ಲಿನ ನಾರು.
ಯಾರನ್ನು ಜತೆಗೆ ಕರೆದೊಯ್ದಿತೋ.

ಮೂರನೆಯ ಪೆಟ್ಟಿಗೆಯಲ್ಲಿ ಸತ್ತವರ ಪಟ್ಟಿ ಇದೆ.
ಬೆನ್ಚಿಚ್ ಇದ್ದಾನೆ, ಪುಪ್ಪುಸದ ಪೊರೆ, ಐವತ್ತಾರು ವರ್ಷ.
ಓಂದಿನಾ ಇಲ್ಲ. ಅವಳು ಕಟ್ಟೆಯ ನೌಕರಳಲ್ಲ.
ಅವಳಿಗೆ ಸಂಬಳವಿಲ್ಲ, ರಜೆಯಿಲ್ಲ, ಹಾಲಿಲ್ಲ,
ಪೆಟ್ಟಿಗೆಯೂ ಇಲ್ಲ.
ಬದುಕಿದ್ದಾಳೋ ಏನೋ, ಹಗ್ಗ ಹಿಡಿದು
ಈಗಷ್ಟೇ ಕೆಳಗೆ ದಾಟಿಹೋದಳೋ ಏನೋ.
ಪುರಸಭೆಯ ದಾಖಲೆಯಲ್ಲಿ ಹುಡುಕಿಸಲು
ಹೆಸರೊಂದಕ್ಕೆ ಒಂದು ಅರ್ಜಿ,
ಅರ್ಜಿಯೊಂದಕ್ಕೆ ಹದಿನಾರು ಯೂರೋ ಸ್ಟಾಂಪು.

ಇಪ್ಪತ್ತಮೂರು ಹೆಸರಿಗೆ ತುಂಬಿಸಿದೆ.
ಖರ್ಚಿನ ನಮೂನೆಯಲ್ಲಿ ‘ಕಾರಣ’ ಎಂಬ ಕಿರಿದಾದ ಮನೆ;
ಅದರಲ್ಲಿ ಹಿಡಿಸಿದ್ದು ಎರಡೇ ಪದ:
ಸಾಬೂನು ಪುಡಿ.

ಗುರುವಾರ ವಾಪಸು ಬಂತು, ಕೆಂಪು ಶಾಯಿಯಲ್ಲಿ:
‘ಈ ಕಚೇರಿಗೆ ಒಗೆತದ ಖರ್ಚು ಮಂಜೂರಾಗಿಲ್ಲ.’

ಅದನ್ನೂ ನಲವತ್ತೊಂದಕ್ಕೆ ಸೇರಿಸಿದ್ದೇನೆ.