ಇಪ್ಪತ್ನಾಲ್ಕನೆಯದು

ಕೆಂಪು ಶುಕ್ರವಾರ ಬೆಳಿಗ್ಗೆ
ಮಂಜಿಷ್ಠದ ಬೇರು ಕುದಿಯಲಿಟ್ಟು
ಅಮ್ಮ ಬೆರಳು ಮಡಿಸುತ್ತ ಎಣಿಸುತ್ತಾಳೆ.
ಇರುವವರಿಗೆ ತಲಾ ಒಂದು ಮೊಟ್ಟೆ,
ಇಲ್ಲದವರಿಗೂ ತಲಾ ಒಂದು,
ಹೇಳದೆ ಬರುವವರಿಗೆಂದು ಎರಡು,
ಕುದಿಯುವಾಗ ಒಡೆಯುವುದಕ್ಕೆ ಒಂದು.
ಹೋದ ವರ್ಷ ಇಪ್ಪತ್ಮೂರು.

ಈ ವರ್ಷವೂ ಇಪ್ಪತ್ಮೂರೇ ಅಲ್ಲವೇ, ಅಂದೆ.
ಅಪ್ಪ ಈ ಸಾಲಿನಿಂದೆದ್ದು
ಆ ಸಾಲಿಗೆ ಹೋಗಿ ಕೂತ, ಅಷ್ಟೇ;
ಒಟ್ಟು ಕೆಡಲಿಲ್ಲ.
ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.
ಅಮ್ಮ ಏನೂ ಅನ್ನಲಿಲ್ಲ, ಬುಟ್ಟಿಯಿಂದ
ಇನ್ನೊಂದು ತೆಗೆದು ಮೆಲ್ಲಗೆ ನೀರಿಗೆ ಬಿಟ್ಟಳು.
ಇಪ್ಪತ್ನಾಲ್ಕು.
ವಯಸ್ಸಾಯಿತು, ಎಣಿಕೆ ತಪ್ಪಿತು ಅಂದುಕೊಂಡೆ.

ಭಾನುವಾರ ಗುಡ್ಡ ಹತ್ತಿದೆವು.
ಲಮಾರಾ ಅತ್ತೆಯ ಮಂಡಿ ಕೇಳುವುದಿಲ್ಲ,
ಮೂರು ಕಡೆ ನಿಂತಳು; ಮೂರು ಕಡೆಯೂ
ಇಲ್ಲಿಂದ ನೋಟ ಚೆನ್ನಾಗಿದೆ ಅಂದಳು.
ದಾಚಿಯ ಕೈಯಲ್ಲಿ ತಟ್ಟೆ,
ತಟ್ಟೆಯಲ್ಲಿ ಹದಿನೈದು ದಿನದ ಗೋಧಿ ಹುಲ್ಲು,
ಹಸಿರಿನ ಮೇಲೆ ಒಂದಕ್ಕೊಂದು ಒರಗಿದ ಕೆಂಪು.
ಕೆಳಗೆ ಚಿಯಾತುರಾ, ಕಪ್ಪು ಗಣಿಯ ನದಿ,
ತುಕ್ಕು ಹಿಡಿದು ನಡುವಾಕಾಶದಲ್ಲೇ ನಿಂತ
ಹಗ್ಗದ ತೊಟ್ಟಿಲು.

ಇಪ್ಪತ್ತೆಂಟು ವರ್ಷ ಅದರ ಸನ್ನೆ ಹಿಡಿದವನು ಅಪ್ಪ.
ಹತ್ತಿಸೋದೇನು ಮಹಾ,
ಅಲುಗದ ಹಾಗೆ ಇಳಿಸಬೇಕು ನೋಡು, ಅನ್ನುತ್ತಿದ್ದ.
ನವೆಂಬರಿನಲ್ಲಿ ಅವನನ್ನು ಇಳಿಸುವಾಗ
ಹಗ್ಗ ಹಿಡಿದವರು ನಾಲ್ಕು ಜನ.
ಒಬ್ಬರ ಕೈಗೂ ಆ ಹದ ಇರಲಿಲ್ಲ.

ಕರಿಗಲ್ಲಿನಲ್ಲಿ ಅವನ ಮುಖ ಕೊರೆದಿದ್ದಾರೆ.
ಕಲ್ಲುಕುಟಿಗ ತಾನಾಗಿ ಒಂದು ಟೈ ಕಟ್ಟಿದ್ದಾನೆ;
ಅಪ್ಪ ಮದುವೆಗೂ ಕಟ್ಟಿದವನಲ್ಲ.
ಕ್ರಿಸ್ತ ಎದ್ದ, ಅಂದಳು ಅಮ್ಮ, ಟೈ ನೋಡುತ್ತ.
ನಿಜವಾಗಿ ಎದ್ದ, ಅಂದೆವು ನಾವು.
ದಾಚಿ ಮೊಟ್ಟೆ ಉರುಳಿಸಿದ,
ಮಣ್ಣಿನ ಉಬ್ಬು ದಾಟಿ ಅದು
ತಾತನ ಎದೆಯೋ ಭುಜವೋ ಇರಬೇಕಾದ ಕಡೆ ನಿಂತಿತು.
ಅಪ್ಪನೇ ಹೂತ ಗುಡಾಣದಿಂದ
ಅಪ್ಪನೇ ತುಳಿದ ದ್ರಾಕ್ಷಿಯ ರಸ
ಶಿಲುಬೆಯ ಆಕಾರದಲ್ಲಿ ಸುರಿದೆವು.
ಮಣ್ಣಿಂದ ತೆಗೆದದ್ದು ಮಣ್ಣಿಗೆ,
ನಡುವೆ ನಮ್ಮ ಲೋಟಗಳು.

ಬೆಂಚಿನ ಮೇಲೆ ಕೂತು
ಮೊಟ್ಟೆಗೆ ಮೊಟ್ಟೆ ಕುಟ್ಟಿ ಒಡೆದು ತಿಂದೆವು.
ಅಪ್ಪ ಯಾರಿಗೂ ಕೃತಜ್ಞತೆ ಹೇಳಿದವನಲ್ಲ.
ಅಮ್ಮನ ಅಡುಗೆ ಉಂಡು
ಉಪ್ಪು ಸರಿಯಾಗಿದೆ, ಅನ್ನುತ್ತಿದ್ದ;
ನಲವತ್ತೊಂದು ವರ್ಷದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.
ಈಗ ಅತ್ತೆ, ಬಾಯಲ್ಲಿ ಹಳದಿ ಇಟ್ಟುಕೊಂಡೇ,
ಉಪ್ಪು ಸ್ವಲ್ಪ ಕಮ್ಮಿ, ಅಂದಳು.
ಅಮ್ಮ ನಕ್ಕಳು, ನವೆಂಬರಿನಿಂದ ಮೊದಲ ಸಲ.

ಆಮೇಲೆ ಸೆರಗಿನಂಥ ಕರಿ ಶಾಲಿನಿಂದ
ಇಪ್ಪತ್ನಾಲ್ಕನೆಯದನ್ನು ತೆಗೆದು
ಎರಡು ಬೇಲಿ ದಾಟಿ ಹೋದಳು.
ಸೆರಾಪಿಯೋನನ ಗುಡ್ಡೆ. ಈ ವರ್ಷ ಅಲ್ಲಿ
ಯಾರೂ ಕಳೆ ಕಿತ್ತಿಲ್ಲ.
ಗಡಿಯ ಅಕ್ರೋಟು ಮರ ಯಾರದೆಂದು
ಹನ್ನೊಂದು ವರ್ಷ ಅಪ್ಪ ಅವನೊಡನೆ
ಬೈಗುಳ ಬಿಟ್ಟು ಬೇರೆ ಮಾತಾಡಿರಲಿಲ್ಲ.
ಅಮ್ಮ ಬಗ್ಗಿ ಮೊಟ್ಟೆ ಇಟ್ಟಳು, ಉರುಳಿಸಲಿಲ್ಲ.
ನಾನು ನೋಡುತ್ತಿರುವುದು ಕಂಡು,
ನಿಮ್ಮಪ್ಪನಿಗೆ ಅಲ್ಲಿ ಜಗಳಕ್ಕಾದರೂ
ಯಾರಾದರೂ ಬೇಡವೇನೇ, ಅಂದಳು.

ಬುಧವಾರ, ನಾನು ಕೆಲಸ ಮಾಡುವ ಔಷಧಿ ಅಂಗಡಿ.
ಗಲ್ಲದಾಚೆ ಗುರುತಿಲ್ಲದ ಹೆಂಗಸು,
ಕೈಯಲ್ಲಿ ಕೆಮ್ಮಿನ ಔಷಧಿ,
ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ಕೆಂಪು.
ನನ್ನ ಉಗುರನ್ನು ಅವಳೂ ನೋಡಿದಳು.
ಎಷ್ಟಾಯಿತು? ಅಂದಳು.
ಇಪ್ಪತ್ನಾಲ್ಕು, ಅಂದುಬಿಟ್ಟೆ.
ಔಷಧಿಗೆ ಹನ್ನೊಂದು ಲಾರಿ.

ನಮ್ಮಲ್ಲಿ ಮೂವತ್ತೊಂದು, ಅಂದು
ಹನ್ನೊಂದು ಲಾರಿ ಎಣಿಸಿಟ್ಟು
ಹೋದಳು.