ಕಾಲುಚೀಲದೊಳಗಿನ ಕೈ

ಬಾಗಿಲ ಪಕ್ಕ ಹಲಗೆ, ಹಲಗೆಗೆ ಹನ್ನೊಂದು ಮೊಳೆ.
ಹೊಡೆದವಳು ನಾನುಲಿ, ನನ್ನದೇ ಸುತ್ತಿಗೆಯಿಂದ,
ನಾನು ಟ್ರಾಲಿಬಸ್ಸು ಓಡಿಸುತ್ತಿದ್ದ ಕಾಲದಲ್ಲಿ,
ಮನೆಯ ಕೀಲಿಯನ್ನು ಮೂರನೇ ಸಲ
ಡಿಪೋದ ಚಹಾದಂಗಡಿಯಲ್ಲಿ ಬಿಟ್ಟು ಬಂದ ರಾತ್ರಿ.

ಮೊದಲನೆಯದು ಬೀದಿಬಾಗಿಲಿನದು, ಕಪ್ಪಗೆ, ಉದ್ದಕ್ಕೆ,
ಜೇಬಿಗಿಳಿದರೆ ಜೇಬನ್ನೇ ಕೊರೆಯುವಂಥದು.
ಎರಡನೆಯದು ನೆಲಮಾಳಿಗೆ: ದ್ರಾಕ್ಷಾರಸದ ಭರಣಿ, ಉಪ್ಪುನೀರಲ್ಲಿಟ್ಟ ಸೌತೆ.
ಮೂರನೆಯದು ಅಂಚೆಪೆಟ್ಟಿಗೆ.
ಪೆಟ್ಟಿಗೆಯ ಬಾಯಿ ಕಿತ್ತು ಯಾವ ಕಾಲವಾಯಿತು,
ಕೀಲಿಗೆ ಮಾತ್ರ ಇನ್ನೂ ಕೆಂಪು ಉಣ್ಣೆಯ ದಾರ.
ನಾಲ್ಕು, ಒಂಬತ್ತು, ಹತ್ತು: ಅದೂ ಇದೂ.
ಐದು, ಆರು, ಏಳು ನಮ್ಮವೇ ಅಲ್ಲ,
ಎದುರಿನ ಅರ್ಮೇನಿಯನ್ ದರ್ಜಿ ಹ್ರಾಂಟ್‌ನದು,
ಕೆಳಗಿನ ಪಿಯಾನೊ ಟೀಚರ್ ಲಮಾರಾಳದು,
ಬಟುಮಿಗೆ ಹೋದವನು ಇನ್ನೂ ಬಂದಿಲ್ಲ, ಅವನದು.
(ಅವನ ಬೆಕ್ಕಿಗೆ ಮೀನಿನ ತಲೆ ನಾವೇ ಹಾಕುವುದು.)
ಎಂಟನೆಯ ಮೊಳೆ ನನ್ನದು.
ಎಂಟನೆಯ ಮೊಳೆ ಯಾವಾಗಲೂ ಖಾಲಿ.

ಅದಕ್ಕೇ ಕಾಲುಚೀಲ.
ಅಂಗಳದ ಹಿಪ್ಪುನೇರಳೆಯ ಕೆಳಗೆ ನಿಂತು ಕತ್ತೆತ್ತಿ
ನಾನುಲೀ ಎಂದು ನಾನುಲಿದರೆ ಸಾಕು,
ಮೂರನೇ ಮಹಡಿಯ ಮರದ ಮೊಗಸಾಲೆಯಿಂದ
ಮೊದಲು ಬೈಗುಳ ಬೀಳುತ್ತದೆ, ಆಮೇಲೆ ಕಾಲುಚೀಲ,
ತುದಿಗೆ ಗಂಟು, ಗಂಟಿನೊಳಗೆ ಬೀಗದ ಕೈ.
ಹಿಡಿದರೆ ಹಿಡಿದೆ, ಇಲ್ಲವಾದರೆ ಲಮಾರಾಳ ಟೊಮೆಟೊ ಕುಂಡಕ್ಕೆ.
ಮೂವತ್ತೆರಡು ವರ್ಷ.
ಕಾಲಿನದರಲ್ಲಿ ಕೈ ತುರುಕಿ ಎಸೆಯುವ ಹೆಂಗಸು
ಟಿಬಿಲಿಸಿಯಲ್ಲಿ ಇವಳೊಬ್ಬಳೇ ಅಲ್ಲ.
ಆದರೂ ಗುರಿ ಇವಳದೇ.

ಫೆಬ್ರವರಿಯಲ್ಲಿ ಕುತಾಯಿಸಿಯ ತಂಗಿಗೆ ಮಂಡಿ ಆಪರೇಷನ್.
"ಹದಿನೈದು ದಿನ. ಎಂಟನೆಯ ಮೊಳೆ. ಹೇಳು ನೋಡೋಣ."
"ಎಂಟನೆಯ ಮೊಳೆ."
"ಒಳಗೆ ಬಂದೊಡನೆ."
"ಬಂದೊಡನೆ."

ನಾಲ್ಕು ದಿನ, ದೇವರಾಣೆ, ತಪ್ಪಲಿಲ್ಲ.
ಕೋಟು ಬಿಚ್ಚುವ ಮೊದಲೇ ಮೊಳೆಗೆ ತೂಗಿಬಿಡುತ್ತಿದ್ದೆ.
ಹಲಗೆ ಭರ್ತಿಯಾದದ್ದು ಕಂಡು ಒಬ್ಬನೇ ಬೀಗಿದೆ.
ಐದನೆಯ ದಿನ ರೊಟ್ಟಿಗೆಂದು ಇಳಿದೆ.
ಕೀಲಿ ಮೊಳೆಯಲ್ಲಿತ್ತು. ಮೊಳೆ ಒಳಗಿತ್ತು.
ಬೆನ್ನ ಹಿಂದೆ ಬಾಗಿಲು ಟಕ್ಕೆಂದದ್ದು
ನನಗೆ ಅರ್ಥವಾದದ್ದು ತಿರುಗಿ ಬಂದ ಮೇಲೆ.

ಕಂಕುಳಲ್ಲಿ ದೋಣಿಯಂಥ ಬಿಸಿ ರೊಟ್ಟಿ,
ಮೇಲಿನಿಂದ ಹಿಮವಾಗಲು ಧೈರ್ಯ ಸಾಲದ ಜಿನುಗು.
ಬಾಯಿಗೆ ಬುದ್ಧಿಯೆಲ್ಲಿ, ರೂಢಿಯಂತೆ ಕೂಗಿಯೇಬಿಟ್ಟಿತು:
"ನಾನುಲೀ!"

ಒಂದು ಗಳಿಗೆ ಏನಿಲ್ಲ.
ಆಮೇಲೆ ಪಿಯಾನೊ ನಿಂತಿತು,
ಹೊಲಿಗೆಯಂತ್ರ ನಿಂತಿತು,
ಒಂದು ಕಿಟಕಿ ತೆರೆಯಿತು, ಅದರ ಮೇಲಿನದು, ಆಚೆಯದು.
ಎಡದಿಂದ ಹಾರಿ ಬಂತು ಮಗುವಿನ ಬಿಳಿ ಕಾಲುಚೀಲ,
ಬಲದಿಂದ ಹ್ರಾಂಟ್‌ನದು, ಹಿಮ್ಮಡಿಗೆ ತೇಪೆ,
ತುತ್ತತುದಿಯಿಂದ ಮುದುಕಿ ಅಶ್ಖೆನ್
ಕಾಲುಚೀಲವಿಲ್ಲವೆಂದು ಕೈಗವಸನ್ನೇ ಎಸೆದಳು.
ರೊಟ್ಟಿ ಕೆಳಗೆ ಬಿತ್ತು.
ಒಂದೊಂದೇ ಗಂಟು ಬಿಚ್ಚಿದೆ,
ಎಲ್ಲದರಲ್ಲೂ ನನ್ನದೇ ಮನೆಯ ಕೀಲಿ.

"ಯಾವಾಗ ಕೊಟ್ಟಳು?"
"ಡಿಪೋದ ವರ್ಷ" ಎಂದಳು ಲಮಾರಾ.
"ನನಗೆ ನಿನ್ನ ಮದುವೆಯ ಮೂರನೇ ದಿನವೇ" ಎಂದಿತು ಮೇಲಿನ ಕಿಟಕಿ.
ಇಡೀ ಅಂಗಳದ ಕೈಯಲ್ಲಿತ್ತು ನನ್ನ ಬಾಗಿಲು,
ಇಲ್ಲದವನು ನಾನೊಬ್ಬ.

ರಾತ್ರಿ ಫೋನು. "ಕೀಲಿ?"
"ಮೊಳೆಯಲ್ಲಿದೆ" ಎಂದೆ. ಸುಳ್ಳೇನಲ್ಲ.

ನಿದ್ದೆ ಹತ್ತದೆ ಹಲಗೆಯೆದುರು ನಿಂತೆ.
ಹನ್ನೊಂದನೆಯದು ಸಣ್ಣ ಹಿತ್ತಾಳೆಯದು,
ಯಾವುದರದೆಂದು ಇಷ್ಟು ವರ್ಷ ನಾನು ಕೇಳಿಲ್ಲ.
ಕಪಾಟಿಗೆ ಹೊಂದಲಿಲ್ಲ. ಅವಳ ಹೊಲಿಗೆಪೆಟ್ಟಿಗೆಗೆ,
ಅವಳಮ್ಮನ ಗಡಿಯಾರಕ್ಕೆ, ಯಾವುದಕ್ಕೂ.
ಇದ್ದಲ್ಲೇ ಇಟ್ಟೆ.
ತುಸು ಓರೆಯಾಗಿ ತೂಗಿತು.
ಸರಿಮಾಡಿದೆ, ಮತ್ತೆ ಓರೆ.
ಕೋಟು ಬಿಚ್ಚುವ ಮೊದಲೇ ಅವಳು ನೋಡುವುದು ಅದನ್ನೇ.