ಭರ್ತಿ

ಬೈತಖೋಲದ ನನ್ನ ಶೆಡ್ಡಿಗೆ ಬೈಕು ತಳ್ಳಿಕೊಂಡೇ ಬಂದರು
ಬಂದರು ಕಚೇರಿಯ ಅರ್ಗೇಕರ್.
ಅಂಗಿ ಬೆನ್ನಿಗಂಟಿ, ಉಸಿರು ಮೂಗಿಗೆ ಸಾಲದೆ ಬಾಯಲ್ಲಿ.
"ನಾಲ್ಕು ವರ್ಷದಿಂದ ಖಾಲಿ ಅಂತಲೇ ಹೇಳುತ್ತದೆ, ಇನಾಸ, ಈ ಮುಳ್ಳು.
ಗಡಿ ದಾಟಿ ಪೋಳೆಯಲ್ಲಿ ಕುತ್ತಿಗೆಮಟ ತುಂಬಿಸಿ ತಂದರೂ ಖಾಲಿ.
ನಿಜ ಹೇಳಿದ್ದು ಮೂರೇ ಸಲ.
ಆ ಮೂರೂ ಸಲ ನಾನು ನಂಬಲಿಲ್ಲ.
ಇವತ್ತಿನದು ಮೂರನೆಯದು,
ಬಿಣಗಾದಿಂದ ನಡೆದೆ."

ಇಷ್ಟು ದಿನ ಹೇಗೆ ನಡೆಸಿದಿರಿ ಎಂದೆ.
ಸೀಟಿನಡಿಯಿಂದ ತೆಂಗಿನ ಹಿಡಿಕಡ್ಡಿಯೊಂದು ತೆಗೆದರು,
ಮೈತುಂಬ ಬ್ಲೇಡಿನಲ್ಲಿ ಗೀರಿದ ಗೆರೆ.
ಮುಚ್ಚಳ ತೆಗೆದು ಅದ್ದಬೇಕು, ಬಿಸಿಲಿಗೆ ಹಿಡಿಯಬೇಕು,
ಒದ್ದೆ ಆರುವ ಮೊದಲು ಓದಿಬಿಡಬೇಕು.
"ಮಳೆಗಾಲದಲ್ಲಿ?"
"ಮಳೆಗಾಲದಲ್ಲಿ ನಂಬಿಕೆ."

ಅವರ ನೌಕರಿಯೂ ಅದೇ:
ಧಕ್ಕೆಯ ತುದಿಯ ತಗಡಿನ ಕೋಣೆಯಲ್ಲಿ ಕೂತು
ಸಮುದ್ರ ಎಷ್ಟು ಏರಿತು, ಎಷ್ಟು ಇಳಿಯಿತು, ಬರೆದಿಡುವುದು.
ಮೂವತ್ತೊಂದು ವರ್ಷ.
ಒಮ್ಮೆಯೂ ಖಾಲಿ ಎಂದು ಬರೆದದ್ದಿಲ್ಲ.

ಮೊದಲು ವೈರು ನೋಡಿದೆ,
ಈ ಊರಲ್ಲಿ ಎಲ್ಲ ರೋಗಕ್ಕೂ ಉಪ್ಪುಗಾಳಿಯೇ ಮೂಲ.
ವೈರು ಸರಿ ಇತ್ತು.
ಟ್ಯಾಂಕು ಕವುಚಿ ಹಾಕಿ ನಾಲ್ಕು ಸ್ಕ್ರೂ ಬಿಚ್ಚಿ
ಸರಳನ್ನು ಬೆರಳಲ್ಲಿ ಎತ್ತಿದರೆ
ಮುಳ್ಳು ಮಗ್ಗುಲು ಬದಲಿಸಿದ ಹಾಗೆ ತುಂಬಿದ ಕಡೆಗೆ ಹೊರಳಿತು.
ಬೆರಳು ಬಿಟ್ಟೆ, ದೊಪ್.
ಹಾಗಾದರೆ ತಪ್ಪು ಮುಳ್ಳಿನದಲ್ಲ.
ಹಿತ್ತಾಳೆಯ ಬುರುಡೆಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ,
ಒಳಗೆ ಕುಳುಕ್.
ತೇಲಬೇಕಾದದ್ದೇ ಕುಡಿದು ಕೂತಿತ್ತು.

ಫಿಲೋಮಿನಾಬಾಯಿಯ ಚಹಾದಂಗಡಿಯಿಂದ ಕುದಿನೀರು ತಂದು
ಮುಳುಗಿಸಿ ಹಿಡಿದೆ.
ಬೆಸುಗೆಯ ಅಂಚಿನಿಂದ ಒಂದು ಗುಳ್ಳೆ,
ಸಾಸಿವೆಯ ಕಾಲುಪಾಲು,
ಅದರ ಬೆನ್ನಿಗೆ ಇನ್ನೊಂದು.
ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು:
ನಾಲ್ಕು ವರ್ಷ ಯಾವ ಲೆಕ್ಕಕ್ಕೂ ಸೇರದೆ
ಇವರ ಜೊತೆ ತಿರುಗಿದ್ದ ಎರಡು ಚಮಚ ಪೆಟ್ರೋಲು.

ಅರ್ಗೇಕರ್ ಕನ್ನಡಕ ಹಣೆಗೇರಿಸಿ ಬಗ್ಗಿದರು.
"ನಮ್ಮಲ್ಲೂ ಇಂಥದೇ. ಧಕ್ಕೆಯಡಿ ಉದ್ದ ಕೊಳವೆ,
ಒಳಗೆ ಬುರುಡೆ, ಬುರುಡೆಗೆ ತಂತಿ, ತಂತಿಯ ತುದಿಗೆ ಪೆನ್ನು.
ಕೊಳವೆಯ ತಳದಲ್ಲಿ ಬೆರಳೂ ತೂರದ ತೂತು.
ಅಷ್ಟು ಸಣ್ಣದು ಯಾಕೆ ಹೇಳು?
ಅಲೆಗೆ ಅವಸರ, ಒಳಗೆ ಬರುವಷ್ಟರಲ್ಲಿ ಮುಗಿದೇಹೋಗುತ್ತದೆ.
ಭರ್ತಿಗೆ ಪುರುಸೊತ್ತು, ಸುಕ್ತಿಗೂ ಪುರುಸೊತ್ತು,
ಆರಾರು ತಾಸು ತೆಗೆದುಕೊಂಡು ಬರುತ್ತವೆ, ಹೋಗುತ್ತವೆ.
ಆ ತೂತು ಇದೆಯೆಂದೇ ನನ್ನ ಬುರುಡೆ ಸುಳ್ಳಾಡುವುದಿಲ್ಲ."

ನಾನು ಈ ತೂತು ಮುಚ್ಚಲು ಕಾವಿ ಕಾಯಿಸುತ್ತಿದ್ದೆ.

ಅದ್ದಿ, ಕೊಡವಿ, ಮೂಸಿ, ಮತ್ತೆ ಅದ್ದಿ,
ವಾಸನೆ ಪೂರ್ತಿ ಹೋದಮೇಲೆ ತವರದ ಒಂದು ಹನಿ.
ಹನಿ ದಪ್ಪವಾಯಿತು.
ಆ ಭಾರಕ್ಕೆ ಬುರುಡೆ ತಗ್ಗಿ ತೇಲಿತು,
ಅರ್ಧ ಲೀಟರು ಕಳ್ಳಲೆಕ್ಕ.
ಅರದಿಂದ ಉಜ್ಜಿದೆ, ಸರಳನ್ನು ಕೂದಲೆಳೆಯಷ್ಟು ಬಗ್ಗಿಸಿದೆ.
ಮತ್ತೆ ಜೋಡಿಸಿ, ನೀರಿನ ಬಾಟಲಿಯಲ್ಲಿ ಲೀಟರು ಲೀಟರಾಗಿ ಹೊಯ್ದೆವು,
ಅವರು ಕಡ್ಡಿ ಅದ್ದುತ್ತ, ನಾನು ಮುಳ್ಳು ನೋಡುತ್ತ.
ಮೂರನೆಯ ಲೀಟರಿಗೆ ಕಡ್ಡಿಗೂ ಮುಳ್ಳಿಗೂ ಜಗಳ.
ಐದಕ್ಕೆ ರಾಜಿ.
ಇನ್ನು ಕಡ್ಡಿ ಬಿಸಾಡಿ ಎಂದೆ.
ಒರೆಸಿ ಸೀಟಿನಡಿಗೇ ಇಟ್ಟರು.

ಮೂರನೇ ದಿನ ಮತ್ತೆ ಹಾಜರು, ಈ ಸಲ ಸವಾರಿಯಲ್ಲಿ.
"ಸದಾಶಿವಗಡದ ತಿರುವಿಗೆ ಮುಳ್ಳು ಅರ್ಧಕ್ಕೆ ಬೀಳುತ್ತದೆ,
ಬ್ರೇಕು ಒತ್ತಿದರೆ ತುಂಬಿಬಿಡುತ್ತದೆ.
ಮೊದಲು ಒಂದೇ ಸುಳ್ಳಿತ್ತು, ಇನಾಸ,
ಈಗ ಗಳಿಗೆಗೊಂದು."

ಅದು ಅಲೆ, ಅರ್ಗೇಕರ್‌ಬಾಬ್, ಎಂದೆ,
ಭರ್ತಿಯಲ್ಲ.

ಹೊಸದಾಗಿ ವರ್ಗವಾಗಿ ಬಂದ ಗುಮಾಸ್ತನನ್ನು ನೋಡುವ ಹಾಗೆ
ತುಸು ಹೊತ್ತು ನನ್ನನ್ನೇ ನೋಡಿದರು.
ಆಮೇಲೆ ಬೈಕನ್ನು ಜೋಡಿ ಸ್ಟ್ಯಾಂಡಿಗೆ ಎಳೆದು ನೆಟ್ಟಗೆ ನಿಲ್ಲಿಸಿ
ಕೈಕಟ್ಟಿ ಕಾದರು,
ಒಳಗಿನದು ನಿಲ್ಲಲಿ ಎಂದು.